ರಿಫ್ ಬೆಟ್ಟದ ಗಾಂಜಾ ಬೆಳೆಗಾರರಿಗೆ ಕಾನೂನು ಕೊಟ್ಟದ್ದೆಷ್ಟು?

ಗಾಂಜಾ ಕೃಷಿಯನ್ನು ಕಾನೂನುಬದ್ಧಗೊಳಿಸಿದ ದೇಶಗಳಲ್ಲಿ, ಅದುವರೆಗೆ ಕದ್ದುಮುಚ್ಚಿ ಬೆಳೆಯುತ್ತಿದ್ದ ಸಣ್ಣ ರೈತರ ಪಾಡೇನಾಯಿತು ಎಂಬ ಪ್ರಶ್ನೆ ಬಂದಾಗ ನನ್ನ ಗಮನ ಮೊರಾಕ್ಕೊ ದೇಶದ ಕಡೆಗೆ ಹೋಗುತ್ತದೆ. ಅಲ್ಲಿನ ಉತ್ತರದ ರಿಫ್ ಬೆಟ್ಟಗಳಲ್ಲಿ, ಬೇರಾವ ಬೆಳೆಯೂ ಸುಲಭವಾಗಿ ಕೈಹಿಡಿಯದ ಇಳಿಜಾರಿನ ತುಂಡು ಹೊಲಗಳನ್ನು ನಂಬಿದ ಕುಟುಂಬಗಳು ತಲೆಮಾರುಗಳಿಂದ ಇದನ್ನೇ ಬೆಳೆಯುತ್ತ ಬಂದಿವೆ. 2003ರಲ್ಲಿ ವಿಶ್ವಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಬೆಳೆಯ ವಿಸ್ತೀರ್ಣ ಸುಮಾರು 1,34,000 ಹೆಕ್ಟೇರ್ ಎಂದು ಕಂಡುಬಂದಿತ್ತು.

2021ರ ಕಾನೂನು ವೈದ್ಯಕೀಯ, ಸೌಂದರ್ಯವರ್ಧಕ ಮತ್ತು ಕೈಗಾರಿಕಾ ಬಳಕೆಗಷ್ಟೇ ಅನುಮತಿ ನೀಡಿತು. ಮೋಜಿಗಾಗಿ ಸೇದುವುದು ಇಂದಿಗೂ ಅಪರಾಧವೇ. ಅಲ್ ಹೊಸೀಮಾ, ಶೆಫ್‌ಶಾವೆನ್ ಮತ್ತು ತಾವೂನಾತ್ ಪ್ರಾಂತ್ಯಗಳಿಗೆ ಮಾತ್ರ ಕೃಷಿಯನ್ನು ಸೀಮಿತಗೊಳಿಸಿ, ಬೆಳೆಗಾರನು ಅಲ್ಲಿಯ ನಿವಾಸಿಯೇ ಆಗಿರಬೇಕು, ಸಹಕಾರ ಸಂಘದ ಸದಸ್ಯನಾಗಿರಬೇಕು ಎಂದು ವಿಧಿಸಿದ್ದರಿಂದ, ಹೊರಗಿನ ಬಂಡವಾಳಗಾರರು ಬಂದು ಬಯಲುಸೀಮೆಯಲ್ಲಿ ದೊಡ್ಡ ತೋಟ ಹಾಕುವ ದಾರಿ ಮುಚ್ಚಿತು. ಇದು ಮೆಚ್ಚತಕ್ಕ ನಡೆ.

ಆದರೆ ತನ್ನ ಮೇಲೆ ವಾರಂಟ್ ಇರುವವನು ಕೃಷಿಯ ಪರವಾನಗಿ ಕೇಳಲು ಗುರುತಿನ ಚೀಟಿ ಹಿಡಿದು ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುವನೇ? ಹಳೆಯ ಪ್ರಕರಣಗಳಲ್ಲಿ ಸಿಲುಕಿದ್ದ 4,831 ಮಂದಿಗೆ ದೊರೆ ಆರನೆಯ ಮೊಹಮ್ಮದ್ ಕ್ಷಮಾದಾನ ನೀಡಿದ್ದು 2024ರ ಆಗಸ್ಟ್‌ನಲ್ಲಿ, ಎಂದರೆ ಕಾನೂನು ಬಂದು ಮೂರು ವರ್ಷಗಳಾದ ಮೇಲೆ. ಮೊದಲು ಆಗಬೇಕಿದ್ದ ಕೆಲಸ ಕೊನೆಗೆ ಆಯಿತು ಎನ್ನದೆ ವಿಧಿಯಿಲ್ಲ.

ತಳಿಯ ವಿಷಯದಲ್ಲೂ ಹೀಗೆಯೇ. ಮಳೆಯನ್ನೇ ನೆಚ್ಚಿ ಬೆಳೆಯುವ, ಬರ ತಾಳುವ ಸ್ಥಳೀಯ 'ಬೆಲ್ದಿಯಾ' ರೈತರ ಕೈಯಲ್ಲೇ ಇತ್ತು. ಆದರೂ 2023ರ ಮೊದಲ ಕಾನೂನುಬದ್ಧ ಸುಗ್ಗಿ ಆಮದು ಬೀಜದ್ದು. ಬೆಲ್ದಿಯಾಕ್ಕೆ ಮರುವರ್ಷ ಮನ್ನಣೆ ದೊರೆಯಿತು.

ಇನ್ನೊಂದು ನಷ್ಟದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ರಿಫ್‌ನ ಕೆಟಾಮಾ ಸೀಮೆಯ ಮನೆಗಳಲ್ಲಿ ಒಣಗಿದ ಗಿಡಗಳನ್ನು, ಬೋಗುಣಿಯ ಬಾಯಿಗೆ ಬಿಗಿದ ತೆಳುಬಟ್ಟೆಯ ಮೇಲಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೋಲುಗಳಿಂದ ಬಡಿಯುತ್ತಾರೆ. ಬಟ್ಟೆಯಿಂದ ಜರಡಿಯಾಗಿ ಇಳಿಯುವ ನವಿರಾದ ಪುಡಿಯೇ ಚರಸ್‌ ಆಗುತ್ತದೆ. ಎಷ್ಟು ಹೊತ್ತು, ಎಷ್ಟು ಜೋರಾಗಿ ಬಡಿಯಬೇಕೆಂಬ ಹದ ಅನುಭವದಿಂದ ಬರುವಂಥದ್ದು. ಹೊಸ ವ್ಯವಸ್ಥೆಯಲ್ಲಿ ಕೃಷಿಗೆ ಒಂದು ಪರವಾನಗಿ, ಸಂಸ್ಕರಣೆಗೆ ಇನ್ನೊಂದು; ಕೃಷಿಯ ಪರವಾನಗಿಯಷ್ಟೇ ಇರುವ ರೈತನು ಒಣ ಗಿಡವನ್ನು ಒಪ್ಪಿಸಿ ಮನೆಗೆ ಹೋಗಬೇಕು. ಬೆಲೆ ಹೆಚ್ಚಿಸುವ ಕೈಚಳಕ ಅವನದಾದರೂ ಅದಕ್ಕೆ ಲೆಕ್ಕವಿಲ್ಲ.

ನಮ್ಮ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೂ ತಂಬಾಕು ಮಂಡಳಿಯ ಪರವಾನಗಿ ಬೇಕು, ಬೆಳೆಯ ಪ್ರಮಾಣಕ್ಕೂ ಮಿತಿಯಿದೆ. ಆದರೆ ಅವರು ಎಲೆಯನ್ನು ತಮ್ಮ ಬ್ಯಾರನ್‌ನಲ್ಲೇ (ಎಲೆ ಬೇಯಿಸಿ ಒಣಗಿಸುವ ಮನೆ) ಹದಗೊಳಿಸಿ, ಹಲವು ಕಂಪನಿಗಳು ಕೂಗುವ ಹರಾಜು ಕಟ್ಟೆಗೆ ಒಯ್ಯುತ್ತಾರೆ. ಅಲ್ಲಿಯೂ ಬೆಲೆಯ ಜಗಳ ತಪ್ಪಿದ್ದಲ್ಲವೆನ್ನಿ. ರಿಫ್‌ನ ಸಹಕಾರ ಸಂಘವಾದರೋ ಸಂಸ್ಕರಣಾ ಘಟಕದೊಂದಿಗೆ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಹೆಚ್ಚುವರಿ ಬೆಳೆಯನ್ನು ನಾಶಪಡಿಸಬೇಕು. ಕೊಳ್ಳುವವನು ಹಣ ತಡಮಾಡಿದರೆ ಸಣ್ಣ ರೈತನು ಇನ್ನಾರ ಬಳಿಗೆ ಹೋದಾನು?

ಅಕ್ರಮ ವಹಿವಾಟಿನಲ್ಲಿ ರೈತನಿಗೆ ಅಂತಿಮ ಮೌಲ್ಯದ ಶೇ. 4ರಷ್ಟು ಮಾತ್ರ ದಕ್ಕುತ್ತದೆ, ಕಾನೂನುಬದ್ಧವಾದರೆ ಅದು ಶೇ. 12ಕ್ಕೆ ಏರಬಹುದು ಎಂದು ಅಲ್ಲಿನ ಒಳಾಡಳಿತ ಸಚಿವಾಲಯವೇ 2021ರಲ್ಲಿ ಅಂದಾಜಿಸಿತ್ತು. ಆ ಪಾಲು ನಿಜವಾಗಿ ರೈತನ ಕೈಸೇರಬೇಕಾದರೆ, ಜರಡಿ ಹಿಡಿಯುವ ಮತ್ತು ಸಂಸ್ಕರಿಸುವ ಪರವಾನಗಿಯನ್ನು, ಅದಕ್ಕೆ ಬೇಕಾದ ಸಾಲದೊಂದಿಗೆ, ಊರಿನ ಸಹಕಾರ ಸಂಘಗಳಿಗೇ ಮೊದಲು ಕೊಡಬೇಕೆಂಬುದು ನನ್ನ ಅಭಿಪ್ರಾಯ.