ಮೆಳ್ಳೆಗಣ್ಣು ಮತ್ತೆ ಹೊರಗೆ ಸರಿದರೆ

ಹೊರಕ್ಕೆ ಸರಿಯುವ ಮೆಳ್ಳೆಗಣ್ಣಿಗೆ ಆಪರೇಷನ್ ಆಗಿ ಒಂದೆರಡು ವರ್ಷ ನೆಟ್ಟಗಿದ್ದ ಕಣ್ಣು ಮತ್ತೆ ಸರಿಯುವುದು ಅಪರೂಪವೇನಲ್ಲ. ಡಾಕ್ಟರನ್ನು ಬೈಯುವ ಮುಂಚೆ ಇದು ತಿಳಿದಿರಲಿ: ಕತ್ತರಿ ಮುಟ್ಟುವುದು ಸ್ನಾಯುವನ್ನು, ಎರಡು ಕಣ್ಣನ್ನೂ ಜೋಡಿಸಿ ನೋಡುವ ಮಿದುಳನ್ನಲ್ಲ. ಮಗು ದಣಿದಾಗ, ಜ್ವರ ಬಂದಾಗ, ದೂರದ ಗುಡ್ಡ ನೋಡುತ್ತ ಮೈಮರೆತಾಗ ಕಣ್ಣು ಜಾರುತ್ತದೆ. ಅಂಗಳದ ಬಿಸಿಲಿಗೆ ಬಂದ ಕೂಡಲೇ ಒಂದು ಕಣ್ಣು ಮುಚ್ಚಿಕೊಳ್ಳುವುದೂ ಅದರದೇ ಗುರುತು. ಹತ್ತಿರ ಕೂರಿಸಿಕೊಂಡು ನೋಡಿದರೆ ನೆಟ್ಟಗೇ ಇರುತ್ತದೆ, ಹಾಗಾಗಿ ಮನೆಯಲ್ಲಿ ಯಾರೂ ನಂಬುವುದಿಲ್ಲ. ಜಾರಿದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ಎರಡನೇ ಸಲ ಆಪರೇಷನ್ ಮಾಡಿಸುವುದಾದರೆ ಎಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ಆಪರೇಷನ್ ಚೀಟಿ. ಮೊದಲ ಸಲ ಹೆಚ್ಚಾಗಿ ಎರಡೂ ಕಣ್ಣಿನ ಹೊರಬದಿ ಸ್ನಾಯುವನ್ನು ಬಿಡಿಸಿ, ಹಿಂದಕ್ಕೆ ಸರಿಸಿ ಹೊಲಿದಿರುತ್ತಾರೆ. 20 ಪ್ರಿಸಂ ಡಯಾಪ್ಟರ್ (ಕಣ್ಣು ಎಷ್ಟು ಸರಿದಿದೆ ಎಂದು ಅಳೆಯುವ ಮಾನ) ಓರೆಗೆ ಸುಮಾರು 5 ಮಿ.ಮೀ., 40ಕ್ಕೆ 8 ಮಿ.ಮೀ. ಹಾಗೆ ಆಗಿದ್ದರೆ ಈ ಸಲ ಸಾಮಾನ್ಯವಾಗಿ ಮೂಗಿನ ಬದಿಯ ಸ್ನಾಯುವನ್ನು ಸ್ವಲ್ಪ ಕತ್ತರಿಸಿ ಬಿಗಿಮಾಡುತ್ತಾರೆ. ಚೀಟಿ ಇಲ್ಲದಿದ್ದರೆ ಯಾವ ಸ್ನಾಯು ಎಲ್ಲಿ ಕೂತಿದೆ ಎಂದು ಹಳೆಯ ಗಾಯದ ಕಲೆಯೊಳಗೆ ಬಿಡಿಸಿ ಹುಡುಕಬೇಕು. ಕಣ್ಣಿನ ಮುಂಭಾಗಕ್ಕೆ ರಕ್ತ ಬಹುಪಾಲು ಈ ಸ್ನಾಯುಗಳ ಜೊತೆಗೇ ಬರುವುದರಿಂದ, ಒಂದೇ ಕಣ್ಣಿನಲ್ಲಿ ಒಟ್ಟಿಗೆ ಎರಡಕ್ಕಿಂತ ಹೆಚ್ಚು ಮುಟ್ಟಲು ಡಾಕ್ಟರು ಹಿಂಜರಿಯುತ್ತಾರೆ. (ಕಣ್ಣುಗುಡ್ಡೆ ಹೊರಗೆ ತೆಗೆದಿಟ್ಟು ಹೊಲಿಯುತ್ತಾರೆ ಎನ್ನುವುದು ಬರೀ ಸುಳ್ಳು.)

ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕು. ಮಳೆಗಾಲದ ಶೀತ, ಕೆಮ್ಮು ಇದ್ದರೆ ಮುಂದೂಡುತ್ತಾರೆ, ಮುಚ್ಚಿಟ್ಟು ಕರೆದೊಯ್ಯಬೇಡಿ. ಈ ಆಪರೇಷನ್ ಆದಮೇಲೆ ವಾಂತಿ ಜಾಸ್ತಿ. ಅದೇ ಸಂಜೆ ಶಿವಮೊಗ್ಗದಿಂದ ಹೊಸನಗರದ ತಿರುವುಗಳಲ್ಲಿ ಬಸ್ಸು ಹತ್ತುವ ಬದಲು ಒಂದು ರಾತ್ರಿ ಅಲ್ಲೇ ಉಳಿಯುವುದು ಲೇಸು.

ಮೊದಲ ಕೆಲವು ದಿನ ಕಣ್ಣು ತುಸು ಒಳಗೆ ತಿರುಗಿ ಎಲ್ಲವೂ ಎರಡೆರಡು ಕಾಣಬಹುದು. ಅದು ಕೆಟ್ಟದ್ದಲ್ಲ: ಮತ್ತೆ ಹೊರಗೆ ಸರಿಯುತ್ತದೆಂದು ಗೊತ್ತಿದ್ದೇ ಎಷ್ಟೋ ಡಾಕ್ಟರು ಸುಮಾರು 10 ಪ್ರಿಸಂ ಡಯಾಪ್ಟರ್‌ವರೆಗೆ ಒಳಗೆ ಬಿಟ್ಟಿರುತ್ತಾರೆ. ವಾರಗಳಾದರೂ ಹೋಗದಿದ್ದರೆ ತೋರಿಸಿ. ಆದರೆ ಕಣ್ಣು ಒಂದು ಬದಿಗೆ ಹೊರಳುವುದೇ ಇಲ್ಲವೆಂದಾದರೆ ಹೊಲಿಗೆಯಿಂದ ಸ್ನಾಯು ಜಾರಿರಬಹುದು, ಆವತ್ತೇ ಹೋಗಬೇಕು. ರೆಪ್ಪೆ ಊದಿ, ಕೀವು, ಜ್ವರ ಬಂದರೂ ಅಷ್ಟೇ.

ಕೆಂಪು ಇಳಿಯಲು ಮೂರರಿಂದ ಆರು ವಾರ. ಅಲ್ಲಿಯತನಕ ಬಚ್ಚಲೊಲೆಯ ಹೊಗೆ, ಅಡಿಕೆ ಸುಲಿಯುವ ಚಪ್ಪರದ ದೂಳು ದೂರ. ಕೆರೆ, ಹೊಳೆಗೆ ಇಳಿಯುವುದನ್ನು ಡಾಕ್ಟರು ಹೇಳುವವರೆಗೆ ಬಿಡಿ. ಮೊದಲೇ ಕನ್ನಡಕವಿದ್ದರೆ ಅದಂತೂ ಹಾಗೇ ಇರುತ್ತದೆ.