ಬೋಳು ತಲೆ ಅಂತ ಮೊದಲೇ ಗೊತ್ತಿರಲಿಲ್ವಾ?

ನಮ್ಮ ಕೊಡಗಿನ ಮದುವೆ ಮನೆಯಲ್ಲಿ ಪಂದಿಕರಿಗೆ ತಟ್ಟೆ ಹಿಡಿದು ನಿಂತಿರಲಿ, ಗೋಣಿಕೊಪ್ಪದ ಸಂತೆಯಲ್ಲಿ ಒಣಮೀನು ಆರಿಸುತ್ತಿರಲಿ, ಯಾರಾದರೊಬ್ಬರು ಪಕ್ಕಕ್ಕೆ ಬಂದು ಪಿಸುಗುಟ್ಟುತ್ತಾರೆ: "ಅಲ್ಲ ಮಾರಾಯ್ತಿ, ನಿನ್ನ ಗಂಡನ ತಲೆಯಲ್ಲಿ ಕೂದಲಿಲ್ಲ ಅಂತ ಮದುವೆಗೆ ಮುಂಚೆ ಗೊತ್ತಿರಲಿಲ್ವಾ?"

ತಪ್ಪು ಆ ಫೋಟೋದ್ದು. ಸಂಬಂಧ ಬಂದಾಗ ಕಳಿಸಿದ್ದು ಕುಪ್ಯ ಅನ್ನೋ ಕೊಡವರ ನಿಲುವಂಗಿ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ತಲೆಗೆ ಮಂಡೆತುಣಿ ರುಮಾಲು ಸುತ್ತಿದ್ದ ಫೋಟೋ. ಆ ಉಡುಪಿನಲ್ಲಿ ಎಂಥವನೂ ದಂಡನಾಯಕನೇ. ಹಾಗಂತ ನಮ್ಮ ಕಡೆಯವರೇನೂ ಸಾಚಾ ಅಲ್ಲ. ನನ್ನ ಕನ್ನಡಕದ ಪವರ್ ಮೈನಸ್ 7. ಹುಡುಗನ ಕಡೆಯವರು ಬರುವ ದಿನ ದೊಡ್ಡಮ್ಮ ಅದನ್ನು ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟರು.

ಕಕ್ಕಡ ತಿಂಗಳು ಹಿಡಿದರೆ ಶುಭದ ಮಾತೆತ್ತುವ ಹಾಗಿಲ್ಲವಲ್ಲ, ಜೂನ್ ಕೊನೆಯ ಜಡಿಮಳೆಯಲ್ಲೇ ಜೀಪಿನಲ್ಲಿ ಬಂದರು. ಹಿರಿಯರ ಜೊತೆ ಎರಡು ಮಸುಕು ಗಂಡಸರು. ಒಂದಕ್ಕೆ ಕೂದಲಿತ್ತು, ಬಾಯಿರಲಿಲ್ಲ. ಇನ್ನೊಂದು ಮಂಕಿ ಕ್ಯಾಪ್ ಹಾಕಿಕೊಂಡು ಜೀಪಿನ ಕೀ ಗಿಲಗಿಲ ಆಡಿಸುತ್ತಿತ್ತು. ಕೀ ಇದ್ದವನು ಡ್ರೈವರ್, ಗಂಭೀರವಾಗಿ ಕೂತವನು ಹುಡುಗ. ಗಂಭೀರಕ್ಕೆ ಮೊದಲು ಕಾಫಿ ಕೊಟ್ಟು, ತಲೆ ತಗ್ಗಿಸಿ, ಎರಡು ಸಲ ನಕ್ಕೆ.

ಹಿರಿಯರು ಒಳಗೆ ಒಕ್ಕದ, ಅಂದರೆ ಮನೆತನದ, ನೆಂಟಸ್ತಿಕೆಯ ಬೇರು ಕೆದಕುತ್ತ ಕೂತಾಗ ಮುಂದಿನ ಜಗಲಿ ಕೈಯಾಲೆಗೆ ಬಂದೆ. "ಜಿಗಣೆ ಹತ್ತಿದೆ, ಉಪ್ಪು ಸಿಗುತ್ತಾ?" ಅಂದ ಡ್ರೈವರ್. ತಂದು ಕಂಬಕ್ಕೆ ನೀಡಿದೆ. ಅವನು ಈಚೆಯಿಂದ ಕೈಚಾಚಿ ತಗೊಂಡ. ಡ್ರೈವರ್ ಹತ್ತಿರ ಎಂಥ ನಾಚಿಕೆ? ಭಾಗಮಂಡಲದಲ್ಲಿ ರಸ್ತೆ ಮುಳುಗಿದ್ದು, ತೋಟಕ್ಕೆ ಆನೆ ನುಗ್ಗಿದ್ದು, ಒಳಗೆ ಎಲ್ಲರೂ ಹೊಗಳಿದ ಅಕ್ಕಿ ಉಂಡೆ ಕಡಂಬಟ್ಟು ನಾನಲ್ಲ, ಪಕ್ಕದ ಮನೆಯವರು ಮಾಡಿದ್ದು ಅನ್ನೋದು, ಎಲ್ಲ ಬಾಯಿಬಿಟ್ಟೆ. ಅವನು ಬಿದ್ದು ಬಿದ್ದು ನಕ್ಕ. ನಗುತ್ತಲೇ ಒದ್ದೆ ಟೋಪಿ ತೆಗೆದು ಹಿಂಡಿದ. ಕಂಬಕ್ಕೆ ಉಪ್ಪು ಕೊಡುವವಳಿಗೆ ಏನು ಕಾಣುತ್ತೆ ಅನ್ನೋ ಧೈರ್ಯ. ಆ ಮಳೆಗಾಲದ ಕತ್ತಲಲ್ಲೂ ನನಗೆ ಹುಣ್ಣಿಮೆ ಕಂಡಿತು. ಡ್ರೈವರ್ ತಲೆ ಕಟ್ಟಿಕೊಂಡು ನನಗೇನು, ಸುಮ್ಮನಾದೆ.

ಸಂಜೆ ದೊಡ್ಡಮ್ಮ ಕೇಳಿದರು, "ಹುಡುಗ ಹೇಗೆ?"

"ಮೂಗಬಸವ. ಡ್ರೈವರೇ ವಾಸಿ."

"ಯಾವ ಡ್ರೈವರೇ? ಜೀಪು ಓಡಿಸಿಕೊಂಡು ಬಂದವನೇ ಹುಡುಗ!"

ನಾನು ನಾಚಿ ನಕ್ಕಿದ್ದು ಅವನ ಭಾವನಿಗೆ. ಎರಡು ಮಕ್ಕಳ ತಂದೆ. ಪಾಪ, ಈಗಲೂ ನನ್ನ ಕೈಯಿಂದ ಕಾಫಿ ತಗೊಳ್ಳುವಾಗ ಹೆಂಡತಿ ಎಲ್ಲಿದ್ದಾಳೆ ಅಂತ ಒಮ್ಮೆ ನೋಡಿಕೊಳ್ಳುತ್ತಾರೆ.

ಹಾಗಾಗಿ, ಗೊತ್ತಿತ್ತು. ನನಗೆ ಗೊತ್ತು ಅಂತ ಇವರಿಗೆ ಗೊತ್ತಿರಲಿಲ್ಲ, ಅಷ್ಟೇ. ಮದುವೆ ದಿನವೂ ನನ್ನ ಕನ್ನಡಕ ದೊಡ್ಡಮ್ಮನ ವಶ. ಮುಹೂರ್ತದಲ್ಲಿ ಸಾಲುಗಟ್ಟಿ ಬಂದು ಅಕ್ಕಿ ಹಾಕಿ, ಗಿಂಡಿಯಿಂದ ಹಾಲು ಕುಡಿಸಿದವರಲ್ಲಿ ಒಬ್ಬರ ಮುಖವೂ ತಿಳಿಯಲಿಲ್ಲ. ಮದುಮಗನಿಗೆ ಬಿಳಿ ಕುಪ್ಯ, ಉಳಿದವರಿಗೆ ಕಪ್ಪು ಅಂತ ಮಾಡಿಟ್ಟ ಹಿರಿಯರು ನನ್ನಂಥವಳನ್ನು ಕಂಡೇ ಮಾಡಿರಬೇಕು. ಗಂಗಾಪೂಜೆಯಲ್ಲಿ ತಲೆ ಮೇಲೆ ನೀರು ಹೊತ್ತು, ವಾಲಗಕ್ಕೆ ಕುಣಿಯುತ್ತ ದಾರಿ ಕಟ್ಟಿದ ನೆಂಟರ ನಡುವೆ ಆ ಬಿಳಿಯನ್ನೇ ಹುಡುಕುತ್ತ ಇಂಚಿಂಚೇ ಸಾಗಿದೆ.

ರಾತ್ರಿ ಇವರು ಮಂಡೆತುಣಿಗೆ ಕೈಹಾಕಿ, ಗಂಟಲು ಸರಿಮಾಡಿಕೊಂಡು, "ನಿನಗೊಂದು ವಿಷಯ ಹೇಳಬೇಕಿತ್ತು," ಅಂದರು.

ದೊಡ್ಡಮ್ಮನ ಚೀಲದಿಂದ ಕದ್ದು ತಂದಿದ್ದ ಕನ್ನಡಕ ಏರಿಸಿಕೊಂಡು, "ಹೇಳಿ," ಅಂದೆ.