ಮುಚ್ಚಳ ತೆಗೆದ ಮೇಲೆ: ಗಲ್ಫ್‌ನಿಂದ ಬಂದ ಆಂಪ್ಲಿಫೈಯರ್, ಆನ್‌ಲೈನ್‌ನಲ್ಲಿ ತರಿಸಿದ ಆಂಪ್ಲಿಫೈಯರ್

ಎರಡನ್ನೂ ಬಿಚ್ಚಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗಿದೆ. ಒಂದು, ಮಾವ 1980ರ ಆಸುಪಾಸಿನಲ್ಲಿ ದುಬೈಯಿಂದ ಹೊತ್ತು ತಂದ ಜಪಾನ್ ತಯಾರಿ. ಇನ್ನೊಂದು, ನಾನು ಆನ್‌ಲೈನ್‌ನಲ್ಲಿ ತರಿಸಿದ ಅಂಗೈಯಗಲದ ಕ್ಲಾಸ್-ಡಿ ಡಬ್ಬಿ, ಅಂದರೆ ಟ್ರಾನ್ಸಿಸ್ಟರ್‌ಗಳನ್ನು ಸ್ವಿಚ್‌ನಂತೆ ಅತಿ ವೇಗದಲ್ಲಿ ಆನ್-ಆಫ್ ಮಾಡಿ ಸದ್ದು ಹೆಚ್ಚಿಸುವ ಬಗೆ. ಕಂಪನಿಗಳ ಹೆಸರು ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಹೆಸರಿನ ಸುತ್ತಲೇ ತಿರುಗುತ್ತದೆ. ಕಾಸರಗೋಡಿನ ಪೆರ್ಲದಿಂದ ಕುಂಬಳೆಯವರೆಗೆ ಯಾರನ್ನು ಕೇಳಿದರೂ ಹಳೆಯದೇ ಗಟ್ಟಿ ಎನ್ನುತ್ತಾರೆ. ಒಳಗೆ ಕಂಡದ್ದು ಅಷ್ಟು ಸರಳವಾಗಿಲ್ಲ. ಹಳೆಯದರಲ್ಲಿ ಕೈ ತಾಗುವ ಭಾಗಗಳು ಗಟ್ಟಿ. ಹೊಸದರಲ್ಲಿ ಗಟ್ಟಿಯಾಗಿರುವುದು ಯಾರೂ ಮುಟ್ಟದ ಭಾಗ.

ಹಳೆಯದರ ಹಿಂಬದಿಯ ಸಾಕೆಟ್‌ಗಳನ್ನು ತಗಡಿಗೇ ರಿವೆಟ್ ಹೊಡೆದು ಕೂರಿಸಿದ್ದಾರೆ. ವಯರ್ ಎಳೆದರೆ ಆ ಎಳೆತವನ್ನು ತಗಡು ತಾಳಿಕೊಳ್ಳುತ್ತದೆ, ಬೆಸುಗೆಗೆ ತಾಗುವುದಿಲ್ಲ. ನಾಬ್‌ಗಳು ಕಡೆದ ಅಲ್ಯೂಮಿನಿಯಂ. ತಳದ ತಟ್ಟೆ ಬಿಚ್ಚಿದರೆ ಸರ್ಕ್ಯೂಟ್ ಬೋರ್ಡ್‌ನ ಅಡಿಭಾಗ ಪೂರ್ತಿ ಕಣ್ಣೆದುರು. ರಿಪೇರಿಗೆ ಬರುತ್ತದೆ ಎಂದು ತಿಳಿದೇ ಕಟ್ಟಿದ ಯಂತ್ರ ಇದು.

ಆದರೆ ನಮ್ಮ ಕರಾವಳಿಯ ಮಳೆಗಾಲಕ್ಕೆ ಕಟ್ಟಿದ್ದಲ್ಲ. ಸೆಲೆಕ್ಟರ್ ಸ್ವಿಚ್‌ನ ಬೆಳ್ಳಿ ಲೇಪದ ಕಾಂಟ್ಯಾಕ್ಟ್‌ಗಳು ಕಪ್ಪುಗಟ್ಟಿದ್ದವು; ಎಡ ಚಾನೆಲ್ ಮನಸ್ಸು ಬಂದಾಗ ಮಾತ್ರ ಹಾಡುತ್ತಿತ್ತು. ಕ್ಲೀನರ್ ಸಿಂಪಡಿಸಿ ನಾಬ್ ಅನ್ನು ಹಲವು ಸಲ ತಿರುಗಿಸಿದ ಮೇಲೆ ಅದು ಸರಿಯಾಯಿತು. ವೆಂಟ್‌ನ ಬಳಿ ಕುಂಬಾರ ಹುಳುವಿನ ಮಣ್ಣಿನ ಗೂಡು ಬೇರೆ ಇತ್ತು. ನಿಜವಾದ ತಲೆನೋವು ಬೋರ್ಡ್. ಅದು ಕಂದು ಬಣ್ಣದ ಪೇಪರ್-ಫೀನಾಲಿಕ್ (ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ ಕಾಗದ), ಒಂದೇ ಬದಿಯಲ್ಲಿ ತಾಮ್ರ. ಸೋಲ್ಡರಿಂಗ್ ಐರನ್ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ತಾಮ್ರದ ಪದರವೇ ಎದ್ದು ಬರುತ್ತದೆ. ಹೊಸ ಡಬ್ಬಿಯ ಹಸಿರು ಫೈಬರ್‌ಗ್ಲಾಸ್ ಬೋರ್ಡ್ ಈ ವಿಷಯದಲ್ಲಿ ಎಷ್ಟೋ ಮೇಲು. 'ಹಳೆಯದೇ ಗಟ್ಟಿ' ಎನ್ನುವವರು ಇದನ್ನು ಹೇಳುವುದಿಲ್ಲ.

ಹಳೆಯದರ ಫಿಲ್ಟರ್ ಕೆಪಾಸಿಟರ್‌ಗಳನ್ನು (ಒಳಗಿನ ಕರೆಂಟಿನ ಏರಿಳಿತ ತಗ್ಗಿಸುವವು) ಬದಲಾಯಿಸಿದೆ. ಹಿಂಬದಿಯ ವೋಲ್ಟೇಜ್ ಸೆಲೆಕ್ಟರ್ 220ರಲ್ಲಿತ್ತು. ನಮ್ಮ ಮನೆಯಲ್ಲಿ ರಾತ್ರಿ 240 ಬರುತ್ತದೆ. ಅಂದರೆ ಒಳಗೆ 35 ವೋಲ್ಟ್ ಇರಬೇಕಾದ ಕಡೆ 38. ವರ್ಷಗಟ್ಟಲೆ ಪ್ರತಿಯೊಂದು ಬಿಡಿಭಾಗವೂ ಅಷ್ಟು ಹೆಚ್ಚು ಬಿಸಿ ತಿಂದಿದೆ. ಸೆಲೆಕ್ಟರ್‌ನ ತಿರುಪನ್ನು 240ಕ್ಕೆ ತಿರುಗಿಸಲು ಬೇಕಾದದ್ದು ಒಂದು ಸ್ಕ್ರೂಡ್ರೈವರ್ ಮಾತ್ರ. ಗಲ್ಫ್‌ನಿಂದ ಬಂದ ಸೆಟ್ ಇರುವವರು ಮೊದಲು ಅದನ್ನು ನೋಡಿ, ಉಳಿದದ್ದು ಆಮೇಲೆ.

ರಿಪೇರಿಯ ನಂತರ ಮೊದಲ ಸಲ ಕರೆಂಟ್ ಕೊಟ್ಟದ್ದು 60 ವ್ಯಾಟ್‌ನ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ (ಎಲ್‌ಇಡಿ ಇಲ್ಲಿ ಉಪಯೋಗಕ್ಕೆ ಬಾರದು). ಬಲ್ಬ್ ಒಮ್ಮೆ ಜೋರಾಗಿ ಉರಿದು, ಕೆಪಾಸಿಟರ್ ತುಂಬುತ್ತಿದ್ದಂತೆ ಕೆಂಪಗಾಗಿ, ಕೊನೆಗೆ ಬರೀ ಒಂದು ಎಳೆಯಷ್ಟು ಉಳಿಯಿತು. ಶಾರ್ಟ್ ಇದ್ದಿದ್ದರೆ ಉರಿಯುತ್ತಲೇ ಇರುತ್ತಿತ್ತು. ಆಮೇಲೆ ಬಯಾಸ್, ಅಂದರೆ ಹಾಡು ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯಬೇಕಾದ ಸಣ್ಣ ಕರೆಂಟ್: ಅವುಗಳ 0.47 ಓಮ್ ಎಮಿಟರ್ ರೆಸಿಸ್ಟರ್‌ನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು 11 ಮಿಲಿವೋಲ್ಟ್‌ಗೆ ನಿಲ್ಲಿಸಿದೆ. ಅಂದರೆ ಸುಮಾರು 23 ಮಿಲಿ ಆಂಪಿಯರ್. ಅದನ್ನು ಹೊಂದಿಸುವ ಪುಟ್ಟ ತಿರುಪು, ಟ್ರಿಮ್ಮರ್, ಹಳತಾಗಿದ್ದರಿಂದ ಕೂದಲೆಳೆಯಷ್ಟು ತಿರುಗಿಸಿದರೂ ಮುಳ್ಳು ಜಿಗಿಯುತ್ತಿತ್ತು. ಹೊಸ ಮಲ್ಟಿ-ಟರ್ನ್ ಟ್ರಿಮ್ಮರ್ ಹಾಕಿದ ಮೇಲೆ ನೆಮ್ಮದಿ.

ಇನ್ನು ಹೊಸ ಡಬ್ಬಿ. ಮೇಲೆ '100 ವ್ಯಾಟ್ + 100 ವ್ಯಾಟ್' ಎಂದು ಅಚ್ಚು. ಜೊತೆಗೆ ಕೊಟ್ಟ ಅಡಾಪ್ಟರ್ 24 ವೋಲ್ಟ್, 4.5 ಆಂಪಿಯರ್. ಗುಣಿಸಿದರೆ 108 ವ್ಯಾಟ್. ಒಳಗೆ ಹೋಗುವುದೇ 108, ಹೊರಗೆ 200 ಬರುವುದು ಎಲ್ಲಿಂದ? ಒಳಗಿರುವ ಟಿಪಿಎ3116ಡಿ2 ಚಿಪ್‌ನ ತಯಾರಕರೇ 4 ಓಮ್‌ಗೆ, 21 ವೋಲ್ಟ್‌ನಲ್ಲಿ ಚಾನೆಲ್‌ಗೆ 50 ವ್ಯಾಟ್ ಎನ್ನುತ್ತಾರೆ. ಎಪ್ಪತ್ತರ ದಶಕದಲ್ಲೂ ಇಂತಹ ಬಡಾಯಿ ಇತ್ತು. ಅದಕ್ಕೇ ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ತಂದಿತು. ಜಾಹೀರಾತಿನಲ್ಲಿ ಹೇಳುವ ವ್ಯಾಟ್ ಬಿಡದೆ ಕೊಡಬಲ್ಲ ವ್ಯಾಟ್ ಆಗಿರಬೇಕು, ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ) ಎಷ್ಟೆಂದೂ ಹೇಳಬೇಕು. ಆ ಕಾಲದ ಸೆಟ್‌ಗಳ 30 ವ್ಯಾಟ್ ನಿಜಕ್ಕೂ 30 ಆಗಿರುವುದಕ್ಕೆ ಇದೂ ಒಂದು ಕಾರಣ.

"ಇಷ್ಟು ಹಗುರದ್ದಕ್ಕೆ ದುಡ್ಡು ಕೊಟ್ಟೆಯಾ?" ಎಂದು ಮಾವ ಅದನ್ನು ಕೈಯಲ್ಲಿ ತೂಗಿ ನೋಡಿದರು. ಈ ಒಂದು ವಿಷಯದಲ್ಲಿ ನಾನು ಡಬ್ಬಿಯ ಪರ. ಹಳೆಯದು ಹೆಚ್ಚುಕಡಿಮೆ ಸೇರುವ ಕ್ಲಾಸ್-ಬಿಯ ದಕ್ಷತೆ ಲೆಕ್ಕದಲ್ಲೇ 78.5 ಶೇಕಡಾ ದಾಟುವುದಿಲ್ಲ. ಕ್ಲಾಸ್-ಡಿ 90ರ ಹತ್ತಿರ ಹೋಗುತ್ತದೆ. ಬಿಸಿ ಕಡಿಮೆಯಾದರೆ ಹೀಟ್‌ಸಿಂಕ್ ಚಿಕ್ಕದು, ತೂಕವೂ ಕಡಿಮೆ. ಅದು ಕಳಪೆಯ ಗುರುತಲ್ಲ. ಕಳಪೆ ಇರುವುದು ಬೇರೆ ಕಡೆ: 24 ವೋಲ್ಟ್ ಹಾದಿಯಲ್ಲಿ 25 ವೋಲ್ಟ್ ಮಾತ್ರ ತಾಳುವ ಕೆಪಾಸಿಟರ್. ಸಾಕೆಟ್‌ಗಳು ನೇರ ಬೋರ್ಡ್‌ಗೇ ಬೆಸುಗೆ, ಆಸರೆಗೆ ಏನೂ ಇಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಬಲ ಚಾನೆಲ್ ಸಾಕೆಟ್‌ನ ಕಾಲಿನ ಸುತ್ತ ಬಳೆಯಂತಹ ಬಿರುಕು ಆಗಲೇ ಬಿಟ್ಟಿತ್ತು. ಕೆಲವೇ ರೂಪಾಯಿ ಉಳಿಸಲು ಒಳ್ಳೆಯ ಚಿಪ್ ಒಂದನ್ನು ಹೀಗೆ ಕೆಡಿಸುತ್ತಾರಲ್ಲ ಎಂದು ಸಿಟ್ಟು ಬರುತ್ತದೆ.

ಕೇಳಿ ನೋಡಲು ಹಾಕಿದ್ದು ತಾಳಮದ್ದಳೆಯ ಕ್ಯಾಸೆಟ್. ಚೆಂಡೆಯ ಪೆಟ್ಟು ಎರಡರಲ್ಲೂ ಚೊಕ್ಕವಾಗಿಯೇ ಬಂತು. ಕಣ್ಣು ಮುಚ್ಚಿದರೆ ಯಾವುದು ಯಾವುದೆಂದು ಹೇಳಲಾರೆ. ಅರ್ಥಧಾರಿ ಮಾತು ನಿಲ್ಲಿಸಿದ ಕ್ಷಣದಲ್ಲಿ ಹಳೆಯದರಿಂದ ಸಣ್ಣ ಗುಂಯ್‌ಗುಡುವಿಕೆ ಕೇಳುತ್ತದೆ, ಹೊಸದರಿಂದ ಇಲ್ಲ. ಕೆಪಾಸಿಟರ್ ಬದಲಾಯಿಸುವ ಮೊದಲು ಆ ಗುಂಯ್‌ಗುಡುವಿಕೆ ಹಾರ್ಮೋನಿಯಂ ಶ್ರುತಿಗೇ ಅಡ್ಡ ಬರುತ್ತಿತ್ತು, ಈಗ ಪರವಾಗಿಲ್ಲ.

ಬಾಕಿ ಕೆಲಸ: ಹಳೆಯದರ ಸ್ಪೀಕರ್ ರಿಲೇ, ಅಂದರೆ ಸ್ಪೀಕರ್‌ನ ಸಂಪರ್ಕವನ್ನು ತಾನಾಗಿ ಕೂಡಿಸುವ, ಕಡಿಯುವ ಸ್ವಿಚ್. ಮಂಗಳೂರಿನಲ್ಲಿ 24 ವೋಲ್ಟ್‌ನದು ಸಿಕ್ಕಿತು, ಆದರೆ ಕಾಲುಗಳ ಅಂತರ ಹೊಂದುವುದಿಲ್ಲ. ನಡುವೆ ಚಿಕ್ಕ ಬೋರ್ಡ್ ಕತ್ತರಿಸಿ ಹಾಕಬೇಕು. ಹೊಸದಕ್ಕೆ 35 ವೋಲ್ಟ್‌ನ ಕೆಪಾಸಿಟರ್ ತಂದಿಟ್ಟಿದ್ದೇನೆ, ತಗಡಿಗೆ ಕೂರುವ ಸಾಕೆಟ್‌ಗಳಿಗಾಗಿ ಹಿಂಬದಿಯಲ್ಲಿ ತೂತು ಕೊರೆಯುವುದಿದೆ.